ಕೆಳಮನೆಯ ತಾಳ

ಅಭ್ಯಾಸವಿಲ್ಲ, ಮೊದಲೇ ಗೊತ್ತುಮಾಡಿಕೊಂಡ ರಾಗವಿಲ್ಲ, ಆ ಗಳಿಗೆಗೆ ಹೊಳೆದದ್ದನ್ನೇ ಮನೆಯಿಂದಲೇ ಆನ್‌ಲೈನ್ ಲೈವಿನಲ್ಲಿ ನುಡಿಸುತ್ತೇವೆ ಅಂತ ಚಂಪಕಾ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ನೋಡಿದರೆ, ಇನ್ನೊಂದೂರಿನಿಂದ ಸೇರಿಕೊಳ್ಳಬೇಕಿದ್ದ ಮೃದಂಗದವನಿಗೆ ನೆಟ್‌ವರ್ಕೇ ಇಲ್ಲ. ನೋಡಲು ಬಂದವರು ಒಬ್ಬೊಬ್ಬರಾಗಿ ಜಾರತೊಡಗಿದರು. ವಿಧಿಯಿಲ್ಲದೆ ಒಬ್ಬಳೇ ಪಿಟೀಲು ಎತ್ತಿಕೊಂಡಳು.

ಶುರುಮಾಡಿದ್ದೇ ತಡ, ನೆಲದಡಿಯಿಂದ ಢಬ್ ಢಬ್! ಕೆಳಮನೆಯ ಶ್ಯಾಮರಾಯರು ಪೊರಕೆ ಹಿಡಿಯಿಂದ ಸೂರು ಕುಟ್ಟುತ್ತಿದ್ದರು. ಮೇಲೆ ಸದ್ದಾದರೆ ಸಾಕು, ಅವರದು ಯಾವಾಗಲೂ ಇದೇ.

ನಿಲ್ಲಿಸಿದರೆ ಎಲ್ಲರೆದುರು ಮಾನ ಹೋಗುತ್ತದೆ. ಚಂಪಕಾ ಆ ಕುಟ್ಟಿಗೇ ಪಿಟೀಲಿನಲ್ಲಿ ಉತ್ತರ ಕೊಟ್ಟಳು. ರಾಯರು ಜೋರು ಮಾಡಿದರೆ ಇವಳೂ ಜೋರು, ಅವರು ತಡೆದರೆ ಇವಳೂ ತಡೆದಳು. ಜಾರಿದವರೆಲ್ಲ ಮರಳಿ ಬಂದರು.

"ಅಬ್ಬಬ್ಬಾ, ತಾಳಕ್ಕೆ ಯಾರ್ರೀ ಕೂತಿರೋದು?" ಅಂತ ಕಾಮೆಂಟುಗಳು ಸುರಿದವು.

ಮಂಗಳ ನುಡಿಸಿ ಲೈವ್ ಮುಗಿಸುವಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದಾಯಿತು. ತೆರೆದರೆ, ಪೊರಕೆ ಸಮೇತ ರಾಯರು! ಮುಖದ ತುಂಬ ಬೆವರು.

"ತಪ್ಪಾಯ್ತು ಅಂಕಲ್, ಇನ್ಮೇಲೆ ಖಂಡಿತ ನುಡಿಸಲ್ಲ..."

"ತಪ್ಪಲ್ದೆ ಇನ್ನೇನು! ತಾಳದವನಿಗೆ ಒಬ್ಬನೇ ಬಾರಿಸೋಕೆ ಒಂದಿಷ್ಟು ಹೊತ್ತು ಬಿಡದೆ ಮಂಗಳ ಹಾಡಿಬಿಡೋದನ್ನ ಯಾವ ಕಛೇರೀಲಿ ಕಂಡಿದ್ದೀಯಮ್ಮಾ ನೀನು?"