ಸಡಿಲಾಗದ ಪ್ಯಾಂಟು

ಬೀದಿಯಲ್ಲಿ ಚಪ್ಪಲಿ ಸದ್ದಾಯಿತು. ನರಸಕ್ಕ ಗಡಬಡಿಸಿ ಹಲ್ಲಿನಿಂದಲೇ ದಾರ ಕಡಿದಳು. ಗಂಡನ ಪ್ಯಾಂಟನ್ನು ಹಗ್ಗದ ಮೇಲೆ ಎಸೆದು, ಏನೂ ಅರಿಯದವಳಂತೆ ಒಲೆ ಮುಂದೆ ನಿಂತಳು.

ತಿಪ್ಪೇರುದ್ರಪ್ಪ ರಾಯದುರ್ಗದ ಕೋಟೆ ಬೆಟ್ಟದ ಬುಡದವರೆಗೆ ನಡೆದು ಬಂದಿದ್ದ. ಸ್ನಾನ ಮುಗಿಸಿ ಪ್ಯಾಂಟು ಏರಿಸಿದ. ಹೊಟ್ಟೆ ಒಳಗೆಳೆದ. ಉಸಿರು ಬಿಗಿಹಿಡಿದ. ಗುಂಡಿ ಕಾಜಾ ಮುಟ್ಟಲಿಲ್ಲ.

“ಇವತ್ತೂ ಹತ್ತವಲ್ದು ನೋಡು.”

“ಹಂಗಾರ ನಾಳೆಯಿಂದ ಅರ್ಧ ಬೆಟ್ಟ ಹತ್ತಿ ಬರ್ರಿ,” ಎಂದಳು ನರಸಕ್ಕ, ನಗು ನುಂಗಿಕೊಂಡು.

ಇದೆಲ್ಲ ಶುರುವಾದದ್ದು ಯುಗಾದಿ ಹೊತ್ತಿನ ಶಿಬಿರದಲ್ಲಿ. ಆರೋಗ್ಯ ಇಲಾಖೆ, ಜೀನ್ಸ್ ಹೊಲಿಯುವ ಯೂನಿಟ್‌ಗಳ ಮಾಲೀಕರು, ಮಡಕಶಿರಾ ಕಡೆಯ ಒಂದು ಸೇವಾಸಂಸ್ಥೆ, ಎಲ್ಲರೂ ಕೈಜೋಡಿಸಿ ತೂಕ ಇಳಿಸುವ ಕಾರ್ಯಕ್ರಮ ಹಾಕಿಕೊಂಡಿದ್ದರು. ಕೂತು ಕೂತು ಹೊಲಿಯುವ ಕೆಲಸಗಾರರೆಲ್ಲ ಮನೆಯವರನ್ನು ಕರೆತಂದು ತೂಗಿಸಿಕೊಳ್ಳಬೇಕು. ಹೊಲಿಗೆ ಮಾಸ್ತರನಾದ ತಿಪ್ಪೇರುದ್ರಪ್ಪನಿಗೆ ಡಾಕ್ಟರು, “ಸಕ್ಕರೆ ಅಂಚಿಗೆ ಬಂದು ನಿಂತಿದೆ. ದಸರೆಯೊಳಗೆ ಹೊಟ್ಟೆ ಇಳಿಯಲೇಬೇಕು,” ಎಂದರು. ಅದೇ ಕಾಯಿಲೆಗೆ ಮಾವನ ಕಾಲು ಹೋದದ್ದನ್ನು ನರಸಕ್ಕ ಕಣ್ಣಾರೆ ಕಂಡಿದ್ದಳು.

ಅವಳದೂ ಒಂದು ಗೋಳಾಯಿತು. ನರ್ಸ್ ವಾಣಿಶ್ರೀ ಅವಳ ತೂಕವನ್ನು ಇಡೀ ಸಾಲಿಗೆ ಕೇಳುವಂತೆ ಕೂಗಿಬಿಟ್ಟಳು. ನರಸಕ್ಕ ಮನೆಗೆ ಬಂದವಳೇ ಅತ್ತಳು, ಊಟ ಬಿಟ್ಟು ಮಲಗಿದಳು. ಗಂಡ ತುತ್ತು ಹಿಡಿದು ಅಂಗಲಾಚಿದರೂ ಬಾಯಿ ತೆರೆಯಲಿಲ್ಲ. ಪುಣ್ಯಕ್ಕೆ, ಮರುದಿನ ಅವನು ಯೂನಿಟ್ಟಿನಿಂದ ಇಸ್ತ್ರಿ ಮಾಡಿಸಿ ತಂದ ರವಿಕೆ ತೊಟ್ಟರೆ ಆಗಲೇ ಸಡಿಲ! ತನ್ನ ತವರಿನವರ ಮೈಯೇ ಹಾಗೆ, ಬೇಗ ಕರಗುತ್ತದೆ ಎಂದುಕೊಂಡು ಅವಳು ಖುಷಿಯಾಗಿ ಉಣ್ಣಲು ಕೂತಳು.

ಗಂಡನದು ಅಂಥ ಮೈಯಲ್ಲ. ನಾಲ್ಕು ವಾರ ನಡೆದ. ಪ್ಯಾಂಟು ಒಂಚೂರು ಸಡಿಲಾದದ್ದೇ ತಡ, ಇನ್ನು ಸಾಕೆಂದು ಮಿರ್ಚಿ ಅಂಗಡಿಯತ್ತ ತಿರುಗಿದ. ಅವತ್ತೇ ನರಸಕ್ಕ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ, ಒಂದು ಬೆರಳಗಲ ಒಳಗೆ ಹಿಡಿದು ಹೊಲಿದಳು. ಅವನು ಇಳಿದಷ್ಟೂ ಇವಳು ಹಿಡಿದಳು. ಊರಿಗೆಲ್ಲ ಜೀನ್ಸ್ ಹೊಲಿಯುವ ಮಹಾನುಭಾವನಿಗೆ ತನ್ನ ಪ್ಯಾಂಟಿನ ಗುಟ್ಟೇ ತಿಳಿಯಲಿಲ್ಲ. ಪಾಪ, ನಡೆದೇ ನಡೆದ. ಅವನು ಬಿಟ್ಟ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಅವಳ ಪಾಲಾಯಿತು. ರವಿಕೆ ಸಡಿಲವಿದ್ದ ಮೇಲೆ ಅವಳಿಗೇನು ಚಿಂತೆ?

ಗಂಡನೂ ಬೇಡವೆನ್ನಲಿಲ್ಲ. “ನೀ ಹೊಟ್ಟಿ ತುಂಬ ಉಣ್ಣು. ರವಿಕಿ ಕೊಡು, ಇಸ್ತ್ರಿ ಮಾಡಿಸ್ಕೊಂಡ್ ಬರ್ತೀನಿ,” ಎಂದು ವಾರವಾರವೂ ಒಯ್ಯುತ್ತಿದ್ದ.

ದಸರೆಯ ಶಿಬಿರ ಬಂತು. ತಿಪ್ಪೇರುದ್ರಪ್ಪ ತೂಕದ ಯಂತ್ರ ಹತ್ತಿದ. ಒಂಬತ್ತು ಕಿಲೋ ಇಳಿದಿತ್ತು. ಸಕ್ಕರೆಯೂ ಹಿಂದೆ ಸರಿದಿತ್ತು. ನರಸಕ್ಕನ ಕಣ್ಣು ತುಂಬಿ ಬಂತು. ಇಷ್ಟು ದಿನದ ಭಯ ಒಮ್ಮೆಲೇ ಇಳಿದು, ಅವಳು ಅಲ್ಲೇ ಬೆಂಚಿನ ಮೇಲೆ ಕೂತಳು.

ಗಂಡ ಬಗ್ಗಿ ಕಿವಿಯಲ್ಲಿ ಹೇಳಿದ: “ಪ್ಯಾಂಟಿನ ಹಿಂದಿನ ಹೊಲಿಗಿ ಸೊಟ್ಟ ಆಗೇತಿ. ಮುಂದಿನ ಸಲ ಗೆರಿ ಎಳಕೊಂಡು ಹೊಲಿ.”

“ಅಯ್ಯ! ಗೊತ್ತಿತ್ತೇನ್ರಿ?”

“ಹೊಲಿಗಿ ಮಾಸ್ತರಗ ಹೊಲಿಗಿ ಗೊತ್ತಾಗಲ್ಲೇನು?”

“ಮತ್ತ ಯಾಕ ಸುಮ್ನಿದ್ರಿ?”

“ನನ್ ಸಲುವಾಗಿ ಅಷ್ಟು ಕಷ್ಟ ಬೀಳ್ತಿದ್ದಿ. ಸುಮ್ನ ನಡದೆ.”

“ನಿಮ್ಮ ಸರದಿ ಅಕ್ಕಾ,” ವಾಣಿಶ್ರೀ ಈ ಸಲ ಮೆಲ್ಲಗೆ ಕರೆದಳು. ನರಸಕ್ಕ ಕಣ್ಣೊರೆಸಿಕೊಂಡು, ಠೀವಿಯಿಂದ ಯಂತ್ರ ಹತ್ತಿದಳು.

ಏಳು ಕಿಲೋ ಏರಿತ್ತು.

“ನಿಮ್ ಯಂತ್ರ ಕೆಟ್ಟೈತಿ!” ಎಂದು ರೇಗಿ ಅವಳು ಗಂಡನತ್ತ ತಿರುಗಿದಳು. ಅವನು ಆಗಲೇ ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದ.

ನರಸಕ್ಕನ ಕೈ ತಾನಾಗಿ ರವಿಕೆಯ ಪಕ್ಕದ ಹೊಲಿಗೆಗೆ ಹೋಯಿತು: ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಹೊರಕ್ಕೆ ಬಿಟ್ಟಾಗಿತ್ತು, ಕೊಟ್ಟಕೊನೆಯ ಅಂಚಿನಲ್ಲಿ ಜೀನ್ಸಿಗೆ ಹಾಕುವ ದಪ್ಪ ಹಳದಿ ದಾರ ಒಂದಿಷ್ಟೂ ಸೊಟ್ಟಗಾಗದೆ ನೇರ ಓಡಿತ್ತು.