ವಿಭೂತಿ ಹಚ್ಚಿದ ಸೂಕ್ಷ್ಮದರ್ಶಕ

೨೦೨೪ರ ಜುಲೈ ೧೫, ಸೋಮವಾರ, ಬೆಳಿಗ್ಗೆ ೧೧ ಗಂಟೆ ೨೦ ನಿಮಿಷ. ರಾಯಚೂರಿನ ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಯಲ್ಲಿ ಪೋತ್ನಾಳದ ಅಕ್ಕಿ ಗಿರಣಿಯ ಬಸವಲಿಂಗಪ್ಪನವರು ದೊಡ್ಡ ಸೂಕ್ಷ್ಮದರ್ಶಕಕ್ಕೆ ವಿಭೂತಿ ಎಳೆದೇಬಿಟ್ಟರು. ತೀರಿಕೊಂಡ ತಾಯಿಯ ಹೆಸರಿನಲ್ಲಿ ಮಾನ್ವಿಯ ಕಾಲೇಜಿಗೆ ಅವರು ಕೊಡುವ ಕಾಣಿಕೆ ಅದು. ಆದರೆ ಅದರಲ್ಲಿ ಮಕ್ಕಳಿಗೆ ಜೀವಕೋಶ ನೆಟ್ಟಗೆ ಕಾಣುವುದಿಲ್ಲವೆಂದು ಜೊತೆಗೆ ಬಂದಿದ್ದ ಅಲ್ಲಿನ ಉಪನ್ಯಾಸಕಿ ಸುನಂದಾಗೆ ಗೊತ್ತಿತ್ತು.

“ಇದು ಎರಡು ಸಾವಿರ ಪಟ್ಟು ತೋರಸ್ತದಂತ್ರೀ ಮೇಡಂ. ನೀವು ಹೇಳೋ ಸಣ್ಣದು ಬರೇ ನಾನೂರು. ನಮ್ಮವ್ವನ ಹೆಸರಿಗೆ ಕಡಿಮಿ ಮಾಡ್ಲೇನು?”

“ದೊಡ್ಡದು ಮಾಡ್ತದ್ರಿ, ನಿಚ್ಚಳ ಮಾಡಂಗಿಲ್ಲ. ಬಾಯಿ ತೆಗೀರಿ.”

ಸುನಂದಾ ಅವರ ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಮೆಲ್ಲನೆ ಕೆರೆದು, ಗಾಜಿನ ಮೇಲೆ ಸವರಿ, ನೀಲಿ ಬಣ್ಣ ಹಾಕಿದಳು. ದೊಡ್ಡದರಲ್ಲಿ ಬರೀ ನೀಲಿ ಮಂಜು. “ನಮ್ಮ ಗಿರಣಿ ಧೂಳು ಇದ್ದಂಗ ಅದಲ್ರೀ,” ಎಂದು ಬಸವಲಿಂಗಪ್ಪನವರು ನಕ್ಕರು. ಆಮೇಲೆ ಸಣ್ಣದಕ್ಕೆ ಕಣ್ಣಿಟ್ಟರು; ಅದರಲ್ಲಿ ಕೋಶದ ಅಂಚು ನಿಚ್ಚಳವಾಗಿತ್ತು.

“ನಡುವ ಕರ್ರಗ ಕಾಣ್ತದಲ್ಲ, ಏನ್ರೀ ಅದು?”

“ಕೋಶಕೇಂದ್ರ. ಅದರಾಗಿಂದು ಅರ್ಧ ನಿಮ್ಮಪ್ಪಾರದು, ಅರ್ಧ ನಿಮ್ಮವ್ವಾರದು.”

ಅವರು ಕಣ್ಣು ತೆಗೆಯದೆಯೇ ಕೈ ಚಾಚಿ ವಿಭೂತಿಗಟ್ಟಿಯನ್ನು ತಡಕಿದರು. ಸಣ್ಣದಕ್ಕೆ ಮೂರು ಬೆರಳು ಎಳೆದು, “ದೊಡ್ಡದಕ್ಕ ಹಚ್ಚಿದ ವಿಭೂತಿ ಇಲ್ಲೇ ಇರ್ಲಿ, ಅಂಗಡಿಯವರಿಗೂ ಒಳ್ಳೇದಾಗ್ಲಿ. ಇದನ್ನ ಕಟ್ಟಿಸ್ರಿ,” ಎಂದರು. ಆಮೇಲೆ ಮೆತ್ತಗೆ ಕೇಳಿದರು: “ಎಷ್ಟು ದೊಡ್ಡದದ ಅದು, ಕೋಶ?”

ಸುನಂದಾ ಅಳೆದು ಹೇಳಿದಳು: ಅಗಲ ೦.೦೬ ಮಿಲಿಮೀಟರ್.