ಕೆಂಪು ರಬ್ಬರ್ ಬ್ಯಾಂಡು

ಆವತ್ತು ದ್ಯಾಮವ್ವನ ಕಾಲು ನೆಲದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಜಿಲ್ಲೆಯ ಗುಡ್ಡಗಾಡು ಓಟದಲ್ಲಿ ಮೊದಲು ಬಂದವಳಿಗೆ ರಾಜ್ಯಮಟ್ಟದ ಓಟ ಕಾದಿತ್ತು. ಅವಳು ಹೊಲದ ಬದು ಹಾರಿದಳು, ಕುರಿ ಹಿಂಡನ್ನು ಹಿಂದೆ ಹಾಕಿದಳು. ಪೆಟ್ರೋಲ್ ಮುಗಿದ ಸ್ಕೂಟರನ್ನು ಏರಿನಲ್ಲಿ ತಳ್ಳುತ್ತಿದ್ದ ದಢೂತಿ ಮನುಷ್ಯನೊಬ್ಬನನ್ನು ಕಂಡು ಕಿಸಕ್ಕನೆ ನಕ್ಕು, ಅವನನ್ನೂ ದಾಟಿ, ಗುಡ್ಡದ ತುದಿಯ ಬಾವುಟ ಸುತ್ತಿ, ಆಚೆ ದಾರಿಯಿಂದ ಇಳಿದಳು. ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಯ ಗೆರೆ ಮುಟ್ಟಿದಾಗಲೂ ನಗು ನಿಂತಿರಲಿಲ್ಲ.

“ಕೈ ತೋರ್ಸು,” ಅಂದರು ನಿರ್ಣಾಯಕರು. “ಕೆಂಪು ರಬ್ಬರ್ ಬ್ಯಾಂಡ್ ಎಲ್ಲೈತಿ?”

“ಯಾರೂ ಕೊಡ್ಲಿಲ್ರೀ ಸರ.”

“ಬಾವುಟ ಸುತ್ತಿದವ್ರಿಗೆಲ್ಲ ಅಲ್ಲಿ ಮಾಸ್ತರು ಒಂದೊಂದು ಕೊಡ್ತಾರಲ್ಲ.”

“ಅಲ್ಲಿ ಯಾರೂ ಇರ್ಲಿಲ್ರೀ. ಬರೇ ಬಾವುಟ ಇತ್ತು.”

ಬಹಳ ಹೊತ್ತಿನ ಮೇಲೆ ಎರಡನೆಯವಳು ಬಂದಳು, ಅವಳ ಹಿಂದೆಯೇ ಮೂರನೆಯವಳು. ಇಬ್ಬರ ಮಣಿಕಟ್ಟಿನಲ್ಲೂ ಕೆಂಪು ಬ್ಯಾಂಡಿತ್ತು.

“ಇವ್ರಿಗೆ ಸಿಕ್ಕ ಮಾಸ್ತರು ನಿನಗೊಬ್ಬಾಕಿಗೆ ಸಿಗ್ಲಿಲ್ಲೇನು? ಬಾವುಟದ ತನಕ ಹೋಗದ ಅರ್ಧದಾಗ ಅಡ್ಡ ಹಾಯ್ದು ಬಂದೀ ನೀ.”

ಎಲ್ಲರೂ ಬಂದ ಮೇಲೆ ಅವಳ ಹೆಸರು ಹೊಡೆದುಹಾಕುವುದಾಗಿ ಅವರು ಹೇಳಿದರು. ದ್ಯಾಮವ್ವನ ನಗು ನಿಂತಿತು.

ಓಡಿದವರೆಲ್ಲ ಬಂದು ಮುಗಿದ ಮೇಲೆ ನಿರ್ಣಾಯಕರು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಪೆನ್ನಿಟ್ಟರು. ಅಷ್ಟರಲ್ಲಿ ಇಳಿಜಾರಿನಲ್ಲಿ ಸದ್ದಿಲ್ಲದೆ ಸ್ಕೂಟರ್ ಉರುಳಿಸಿಕೊಂಡು ಆ ದಢೂತಿ ಮನುಷ್ಯ ಬಂದ. ಜೇಬಿನಿಂದ ಒಂದು ಕೆಂಪು ಬ್ಯಾಂಡ್ ತೆಗೆದು ಅವಳ ಕೈಗೆ ಹಾಕಿದ.

“ಪೆನ್ ಎತ್ರೀ ಸರ. ಬ್ಯಾಂಡ್ ಕೊಡಾಕ ಹೊಂಟಿದ್ದ ನಾನೇ ಇನ್ನೂ ಬಾವುಟ ಮುಟ್ಟಿದ್ದಿಲ್ಲ, ಈಕಿ ನನ್ನೂ ಹಿಂದ ಹಾಕಿ ಸುತ್ತಿ ಹೋಗಿದ್ಲು.”